ಕೂಗಿಗೊಂದು ಜೋಡಿ

ನಮ್ಮೂರಲ್ಲಿ ದಿನಕ್ಕೊಂದು ಮುನಿಸಿಕೊಳ್ಳುತ್ತದೆ. ನಾನು ಹೇಳುತ್ತಿರುವುದು ಗಂಡ ಹೆಂಡಿರ ಮುನಿಸಲ್ಲ, ಅದಕ್ಕೆ ದಿನ ನೇಮ ಇಟ್ಟವರು ಯಾರು. ಬೆಳಕು ಹರಿಯುತ್ತಿದ್ದಂತೆ ಊರಿನ ಯಾವುದಾದರೂ ಒಂದು ವಸ್ತು ಕೆಲಸ ಬಿಟ್ಟು ಕೂರುತ್ತದೆ. ಮಾರನೆಯ ದಿನ ಮತ್ತೆ ಬೆಳಕು ಹರಿಯುವವರೆಗೆ ಏನು ಮಾಡಿದರೂ ಏಳುವುದಿಲ್ಲ. ಒಂದು ದಿನ ಸಂತೆಬೀದಿಯ ಬೋರ್‌ವೆಲ್ಲು, ಇನ್ನೊಂದು ದಿನ ಯಾರದೋ ಮನೆಯ ಚಿಲಕ, ಮತ್ತೊಂದು ದಿನ ಬಸ್ ಕಂಡಕ್ಟರನ ಸೀಟಿ. ಒಂದು ಯುಗಾದಿಗೆ ಪಕ್ಕದ ಮನೆಯ ಒಬ್ಬಟ್ಟಿನ ಹೆಂಚು ಮುನಿಸಿಕೊಂಡು, ಎಷ್ಟು ಉರಿ ಹಾಕಿದರೂ ಬಿಸಿಯಾಗದೆ ತಣ್ಣಗೆ ಕೂತಿತ್ತು. ಕೆಲವೊಮ್ಮೆ ಮನುಷ್ಯರ ಸರದಿಯೂ ಬರುತ್ತದೆ. ಆ ಮನುಷ್ಯ ಉಣ್ಣುತ್ತಾನೆ, ನಗುತ್ತಾನೆ, ಜಗಳ ಆಡುತ್ತಾನೆ, ಅವನ ಕಸುಬು ಮಾತ್ರ ಆ ದಿನ ಕೈಗೆ ಹತ್ತುವುದಿಲ್ಲ. ದರ್ಜಿಗೆ ಸೂಜಿಯ ಕಣ್ಣು ಸಿಗುವುದಿಲ್ಲ, ಮೇಷ್ಟ್ರಿಗೆ ಮಗ್ಗಿ ಬರುವುದಿಲ್ಲ. ಯಾಕೆ ಹೀಗೆ ಅಂತ ಹೊರಗಿನವರು ಕೇಳಿದರೆ, "ನಿಮ್ಮೂರಲ್ಲಿ ಯಾಕೆ ಹಾಗಿಲ್ಲ?" ಅಂತ ತಿರುಗಿ ಕೇಳಿ ಕಾಫಿ ಕೊಡುತ್ತೇವೆ.

ಹೀಗಾಗಿ ನಮ್ಮಲ್ಲಿ ಎಲ್ಲಕ್ಕೂ ಜೋಡಿ. ಮನೆಗೆ ಎರಡು ಬಾಗಿಲು, ಅಡುಗೆಗೆ ಎರಡು ಒಲೆ, ಮದುವೆಗೆ ಎರಡು ವಾಲಗ. ಯಾವ ಕಸುಬಿನವರನ್ನು ಕೇಳಿದರೂ ತಮ್ಮ ಜೋಡಿ ಯಾರು ಅಂತ ಮೊದಲು ಹೇಳುತ್ತಾರೆ, ತಮ್ಮ ಹೆಸರು ಆಮೇಲೆ. ಮದುಮಗನೊಬ್ಬನಿಗೆ ಮಾತ್ರ ಜೋಡಿ ಇಲ್ಲವಲ್ಲ ಅಂತ ಮದುವೆಮನೆಯಲ್ಲಿ ಹೆಂಗಸರು ನಗುವುದು ಹಳೆಯ ಪದ್ಧತಿ. ಅಭ್ಯಾಸ ಎಷ್ಟರಮಟ್ಟಿಗೆ ಅಂದರೆ, ನಾವು ಮಾತನ್ನೂ ಎರಡೆರಡು ಸಲ ಆಡುತ್ತೇವೆ, ಬಾಗಿಲನ್ನೂ ಎರಡೆರಡು ಸಲ ತಟ್ಟುತ್ತೇವೆ. ಒಂದು ಸಲ ಮಾಡಿದ್ದು ಆಗಿರುತ್ತದೆ ಅಂತ ನಂಬುವವರು ನಮ್ಮಲ್ಲಿ ಹುಟ್ಟಿಯೇ ಇಲ್ಲ.

ನನ್ನ ಹೆಸರು ನೀಲಾಂಬಿಕೆ. ಊರು ನೀಲಾ ಅನ್ನುತ್ತದೆ. ನನ್ನ ಗಂಡ ಷಡಕ್ಷರಿಯದು ಹಿಟ್ಟಿನ ಗಿರಣಿ. ಮನೆಯಲ್ಲಿ ಅವರು, ನಾನು, ನಮ್ಮ ಅತ್ತೆ ಶಿವನಂಜಮ್ಮ. ನನಗೆ ಬಾಯಿ ಸ್ವಲ್ಪ ಜೋರು ಅಂತ ಊರು ಹೇಳುತ್ತದೆ. ಸ್ವಲ್ಪ ಅಂದಿದ್ದಕ್ಕೆ ಊರಿಗೆ ದೊಡ್ಡ ನಮಸ್ಕಾರ.

ನಾನು ಫಿಲೋಮಿನಾ ಟೀಚರ ಹತ್ತಿರ ಸಾಫ್ಟ್‌ವೇರ್ ಕಟ್ಟುವುದನ್ನು ಕಲಿಯುತ್ತಿದ್ದೆ. ಟೀಚರು ಹೊರಗಿನವರು, ಲಕ್ಷಾಂತರ ಜನ ಒಟ್ಟಿಗೆ ಬಳಸುವಂಥದ್ದನ್ನು ಕಟ್ಟಿ ಬಂದವರು. ನಮ್ಮೂರಿನ ಮುನಿಸಿನ ಸುದ್ದಿ ಕೇಳಿ ನೋಡಿಕೊಂಡು ಹೋಗೋಣ ಅಂತ ಬಂದವರು ಇಲ್ಲೇ ಉಳಿದುಬಿಟ್ಟರು. "ಒಂದಲ್ಲ ಒಂದು ಕೆಟ್ಟೇ ಕೆಡುತ್ತೆ ಅಂತ ಹೊರಗಿನವರಿಗೆ ಅರ್ಥ ಮಾಡಿಸೋದರಲ್ಲೇ ನನ್ನ ಆಯಸ್ಸು ಕಳೀತು. ನಿಮಗೆ ಅದು ಹುಟ್ಟುತ್ತಲೇ ಬಂದಿದೆ," ಅಂತ ಮೊದಲನೇ ದಿನವೇ ಹೇಳಿ ನಮ್ಮನ್ನೆಲ್ಲ ಅಟ್ಟಕ್ಕೆ ಏರಿಸಿದರು. ಅವರ ಪಾಠ ಹೀಗೆ: ಹಲಗೆಯ ಮೇಲೆ ಚೌಕಗಳನ್ನು ಬರೆಸಿ, ನಡುವೆ ಗೆರೆ ಎಳೆಸುವುದು. ಇದು ಜನರ ಫೋನು, ಇದು ಕಂಪ್ಯೂಟರು, ಸುದ್ದಿ ಇಲ್ಲಿಂದ ಹೊರಟು ಇಲ್ಲಿಗೆ ಹೋಗುತ್ತದೆ. ಬರೆದಾದ ಮೇಲೆ ಒದ್ದೆ ಬಟ್ಟೆ ತೆಗೆದುಕೊಂಡು ಒಂದು ಚೌಕವನ್ನು ಒರೆಸಿ, "ಇದು ಇವತ್ತು ಮುನಿಸಿಕೊಳ್ತು. ಈಗ ಹೇಳು," ಅನ್ನುವರು. ಅದಕ್ಕೆ ಉತ್ತರ ಸಿಕ್ಕಿತೋ, "ಒಂದು ಬೀದಿ ಬಳಸ್ತಿತ್ತು, ಇವತ್ತಿಂದ ಊರೆಲ್ಲ ಬಳಸುತ್ತೆ. ಈಗ ಹೇಳು," ಅನ್ನುವರು. ಮೊದಲನೇ ಪ್ರಶ್ನೆಗೆ ನಾವು ಹುಲಿಗಳು. ಎರಡನೇ ಪ್ರಶ್ನೆಗೆ ಹಲಗೆ ನೋಡುತ್ತಾ ಕೂರುತ್ತಿದ್ದೆವು.

ಊರು ಬೆಳೆದು ಕೆರೆ ದಾಟಿತ್ತು. ಮೊದಲೆಲ್ಲ ಹೆರಿಗೆ ನೋವು ಬಂದ ಮನೆಯವರು ಇಬ್ಬರು ಸೂಲಗಿತ್ತಿಯರ ಮನೆಗೆ ಇಬ್ಬರನ್ನು ಓಡಿಸುತ್ತಿದ್ದರು, ಅಕ್ಕಪಕ್ಕದವರು ತಮ್ಮ ಪಾಲಿಗೆ ಒಬ್ಬೊಬ್ಬರನ್ನು ಓಡಿಸುತ್ತಿದ್ದರು. ಊರು ಚಿಕ್ಕದಿದ್ದಾಗ ಅದು ಸಾಕಾಗಿತ್ತು. ಈಗ ಓಡಿದವನು ದಾರಿ ತಪ್ಪುತ್ತಾನೆ, ಸೂಲಗಿತ್ತಿ ಇನ್ನೆಲ್ಲೋ ಇರುತ್ತಾಳೆ. ನನ್ನ ಅಕ್ಕನ ಹೆರಿಗೆಯಲ್ಲಿ ಹಾಗೇ ಆಯಿತು. ಕೂಸು ಉಳಿಯಲಿಲ್ಲ, ಅಕ್ಕ ಉಳಿದದ್ದೇ ಪುಣ್ಯ. ಅಕ್ಕ ಈಗಲೂ ನಗುತ್ತಾಳೆ, ಆದರೆ ತೊಟ್ಟಿಲು ಕಂಡ ಕಡೆ ಮುಖ ತಿರುಗಿಸುತ್ತಾಳೆ. ಹಾಗಾಗಿ ಪಂಚಾಯ್ತಿಯವರು ಸೂಲಗಿತ್ತಿಯರನ್ನು ಕರೆಯಲು ಫೋನಿನಲ್ಲೊಂದು ವ್ಯವಸ್ಥೆ ಬೇಕು ಅಂದಾಗ, ಟೀಚರು ಬಾಯಿ ತೆರೆಯುವ ಮೊದಲೇ ನಾನು ಮಾಡ್ತೀನಿ ಅಂದೆ. ಆಗ ನನಗೂ ದಿನ ತುಂಬಲು ಆರು ತಿಂಗಳಿತ್ತು. ನನ್ನ ಕೂಸು ಹುಟ್ಟುವುದರೊಳಗೆ ಅದು ಕೆಲಸ ಮಾಡಬೇಕು, ಇಷ್ಟೇ ನನ್ನ ಹಟ.

ಅದಕ್ಕೆ 'ಕೂಗು' ಅಂತ ಹೆಸರಿಟ್ಟೆ. ಫೋನಿನಲ್ಲಿ ಒಂದು ಕೆಂಪು ಗುಂಡಿ. ಒತ್ತಿದರೆ ಕೂಗು ನಮ್ಮ ಕಂಪ್ಯೂಟರಿಗೆ ಬರುತ್ತದೆ. ಅದು ಬಿಡುವಾಗಿರುವ ಸೂಲಗಿತ್ತಿಯನ್ನು ಹುಡುಕಿ ಅವಳ ಫೋನನ್ನು ಬಾರಿಸುತ್ತದೆ. ಅವಳು 'ಹೊರಟೆ' ಅಂತ ಒತ್ತಬೇಕು. ಒತ್ತದಿದ್ದರೆ ಕೂಗು ಅವಳ ಜೋಡಿಗೆ ಹೋಗುತ್ತದೆ. ಊರಿನ ಹಳೆಯ ಸೂಲಗಿತ್ತಿಯರು ದೇವೀರಮ್ಮ ಮತ್ತು ಜೈತುನ್‌ಬಿ. ಇಬ್ಬರಿಗೂ ಒಬ್ಬೊಬ್ಬರು ಜೋಡಿ ಇದ್ದರು. ಕಂಪ್ಯೂಟರಿಗೂ ಜೋಡಿ ಇರಲಿ ಅಂತ ಎರಡು ತಂದು, ಒಳಕೋಣೆಯ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು, ಅರಿಸಿನ ಕುಂಕುಮ ಹಚ್ಚಿ ಟೀಚರನ್ನು ಕರೆದುಕೊಂಡು ಬಂದು ತೋರಿಸಿದೆ.

ಟೀಚರು ಕಾಫಿ ಕುಡಿಯುತ್ತಾ ನೋಡಿದರು. ಆಮೇಲೆ ಗೋಡೆಯಲ್ಲಿದ್ದ ಒಂದೇ ಪ್ಲಗ್ಗಿನ ಕಡೆ ಬೆರಳು ತೋರಿಸಿ, "ಇದು ಮುನಿಸಿಕೊಂಡರೆ?" ಅಂದರು.

ನಾನು ಮೇಜಿನ ಹಿಂದೆ ಇನ್ನೊಂದು ಪ್ಲಗ್ಗು ಹುಡುಕಿದೆ. ಅತ್ತೆ ಸುಮ್ಮನಿರಲಿಲ್ಲ. "ಎರಡು ಗಡಿಗೆ ತಂದು ಒಂದೇ ನೆಲುವಿಗೆ ಹಾಕವ್ಳೆ ನಮ್ಮ ಸೊಸೆ. ಹಗ್ಗ ಹರಿದ್ರೆ ಹಾಲು ಮೊಸರು ಎರಡೂ ನೆಲಕ್ಕೆ," ಅಂತ ನಗುತ್ತಾ ಲೋಟ ಎತ್ತಿಕೊಂಡು ಹೋದರು. ಸಿಟ್ಟು ಬಂತು. ಆದರೂ ಮಾರನೆಯ ದಿನ ಒಂದು ಕಂಪ್ಯೂಟರನ್ನು ಗಿರಣಿಗೆ ಸಾಗಿಸಿದೆ. ಅಲ್ಲಿ ಅದಕ್ಕೆ ರಾಗಿಹಿಟ್ಟು ಮೆತ್ತಿಕೊಳ್ಳದ ಹಾಗೆ ಷಡಕ್ಷರಿ ತಮ್ಮ ಹಳೆಯ ಪಂಚೆ ಹೊದಿಸಿದರು.

ಮೊದಲು ನಮ್ಮ ಬೀದಿಯಲ್ಲಿ ಮತ್ತು ಹಿಂದಿನ ಬೀದಿಯಲ್ಲಿ, ಬಸುರಿಯರಿದ್ದ ಮನೆಗಳಿಗೆ ಮಾತ್ರ, ಕೂಗನ್ನು ಪರೀಕ್ಷೆಗೆ ಬಿಟ್ಟೆವು. ಬಳೆ ಅಂಗಡಿಯವರ ಸೊಸೆಗೆ ನೋವು ಬಂತು. ಗಂಡ ಗುಂಡಿ ಒತ್ತಿದ. ನಮ್ಮೂರಿನವನಲ್ಲವೆ, ಇನ್ನೊಂದು ಸಲ ಒತ್ತಿದ. ಅವನು ಒತ್ತಿದ್ದು ಸಾಲದು ಅಂತ ಅವನ ತಾಯಿ ತಮ್ಮ ಫೋನಿನಲ್ಲಿ ಎರಡು ಸಲ ಒತ್ತಿದರು. ನನ್ನ ಕೂಗು ಒಂದೊಂದನ್ನೂ ಒಂದೊಂದು ಹೆರಿಗೆ ಅಂತ ತಿಳಿದು, ಊರಿನ ನಾಲ್ವರು ಸೂಲಗಿತ್ತಿಯರನ್ನೂ ಆ ಒಂದೇ ಮನೆಗೆ ಅಟ್ಟಿತು. ನಾನು ಹೋಗಿ ನೋಡಿದರೆ ಒಳಗೆ ಒಬ್ಬಳು ಹೆರುತ್ತಿದ್ದಾಳೆ, ಹೊರಗೆ ಜಗಲಿಯ ಮೇಲೆ ಮೂವರು ಎಲೆ ಅಡಿಕೆ ಹಾಕಿಕೊಂಡು ಹರಟುತ್ತಿದ್ದಾರೆ. ನಗು ಬಂತು. ಅಷ್ಟರಲ್ಲಿ ಹಿಂದಿನ ಬೀದಿಯ ಇನ್ನೊಂದು ಮನೆಯಿಂದ ಅಳುತ್ತಾ ಬಂದರು. ಅವರೂ ಕೂಗಿದ್ದರಂತೆ, ಸೂಲಗಿತ್ತಿಯರು ಯಾರೂ ಬಿಡುವಿಲ್ಲ ಅಂತ ಉತ್ತರ ಹೋಗಿತ್ತಂತೆ. ಜೈತುನ್‌ಬಿ ಬಾಯಲ್ಲಿದ್ದ ಎಲೆ ಉಗುಳಿ ಓಡಿದರು. ಎಲ್ಲ ಸುಸೂತ್ರವಾಯಿತು. ಆದರೆ ನಾನು ಅಲ್ಲಿಂದ ನೇರ ಟೀಚರ ಹತ್ತಿರ ಓಡಿದೆ.

"ಒಂದೇ ಸಲ ಒತ್ತಿ ಅಂತ ಎಲ್ಲರಿಗೂ ಹೇಳಿಬಿಡ್ತೀನಿ ಟೀಚರೇ," ಅಂದೆ.

"ಊರನ್ನ ತಿದ್ದೋಕೆ ಹೊರಟಿದ್ದೀಯಾ? ಊರು ಹೇಗಿದೆಯೋ ಹಾಗೇ ಇರುತ್ತೆ. ನೂರು ಸಲ ಒತ್ತಿದರೂ ಒಂದೇ ಕೂಗು ಅಂತ ನಿನ್ನ ಕಂಪ್ಯೂಟರಿಗೆ ಗೊತ್ತಾಗಬೇಕು," ಅಂದರು ಟೀಚರು.

ಕೂತು ತಿದ್ದಿದೆ. ಒಂದು ಮನೆಯ ಫೋನುಗಳಿಂದ ಎಷ್ಟು ಸಲ ಒತ್ತಿದರೂ ಆ ಮನೆಗೆ ಒಂದೇ ಕೂಗು. ಎರಡು ಬೀದಿಗಳಲ್ಲಿ ಇನ್ನೆರಡು ಹೆರಿಗೆ ಆದವು, ಎರಡೂ ಸಲ ಸರಿಯಾಗಿ ಒಬ್ಬೊಬ್ಬರೇ ಬಂದರು. ಪಂಚಾಯ್ತಿಯವರು ಭೇಷ್ ಅಂದರು. ನನ್ನ ತಲೆ ಮತ್ತೆ ಅಟ್ಟಕ್ಕೆ ತಾಗಿತು.

ಟೀಚರು ಮಾತ್ರ ಹಲಗೆಯ ಮುಂದೆ ನಿಲ್ಲಿಸಿ, ಯಾವ ಚೌಕವನ್ನೂ ಒರೆಸದೆ, "ನಿನ್ನ ಜೋಡಿ ಯಾರು?" ಅಂದರು.

ನನಗೆ ಜೋಡಿ ಇರಲಿಲ್ಲ. ಷಡಕ್ಷರಿಯನ್ನು ಕೂರಿಸಿ ನೋಡಿದ್ದೆ. ಒಳ್ಳೆಯ ಮನುಷ್ಯ, ಕಂಪ್ಯೂಟರಿನ ಮುಂದೆ ಕೂತರೆ ಗೊರಕೆ ಶುರು. ಟೀಚರ ಹತ್ತಿರ ಕಲಿಯುವ ಬೇರೆಯವರಿಗೆ ಹೇಳಿಕೊಡಬಹುದಿತ್ತು. ಮನಸ್ಸು ಬರಲಿಲ್ಲ. ನಿಜ ಹೇಳಬೇಕೆಂದರೆ, ಕೂಗು ಅಂದರೆ ನೀಲಾ, ನೀಲಾ ಅಂದರೆ ಕೂಗು ಅಂತ ಊರು ಅನ್ನುವುದು ನನಗೆ ಬಹಳ ಹಿಡಿಸಿತ್ತು. "ನಾನಿದ್ದೀನಲ್ಲ ಟೀಚರೇ," ಅಂದೆ. ಟೀಚರು ನನ್ನ ಹೊಟ್ಟೆಯ ಕಡೆ ನೋಡಿ ಹುಬ್ಬು ಏರಿಸಿದರು.

ಮನೆಗೆ ಬಂದು ಈ ಸಂಗತಿ ಹೇಳಿ ಗೊಣಗುತ್ತಿದ್ದಾಗ, ಅವರೆಕಾಳು ಹಿಸುಕುತ್ತಿದ್ದ ಅತ್ತೆ ತಲೆ ಎತ್ತದೆ, "ನಾನಿಲ್ವಾ?" ಅಂದರು.

"ನೀವಾ ಅತ್ತೆ?"

"ಯಾಕೆ, ನಿನ್ನ ಕೂಗು ನನ್ನ ಮಾತು ಕೇಳಲ್ವಾ? ನಿನ್ನ ಗಂಡ ನಾನು ಹೇಳಿದ್ದು ಕೇಳ್ತಾನೆ, ಎಮ್ಮೆ ಕೇಳ್ತದೆ, ಅದೇನು ದೊಡ್ಡದು." ಆಮೇಲೆ ಸ್ವಲ್ಪ ಮೆತ್ತಗೆ, "ನಿನ್ನ ಅಕ್ಕಂಗೆ ಹಂಗಾದಾಗ ನಾನೂ ಅಲ್ಲೇ ಬಾಗಿಲಲ್ಲಿ ನಿಂತಿದ್ದೆ ಕಣೇ. ಕೈ ಕಟ್ಟಿಕೊಂಡು ನಿಲ್ಲೋದು ಸಾಕಾಯ್ತು," ಅಂದರು.

ಮಾರನೆಯ ದಿನದಿಂದ ಪಾಠ ಶುರುವಾಯಿತು, ಅದರ ಜೊತೆಗೇ ನನ್ನ ಗ್ರಹಚಾರವೂ. ಅತ್ತೆ ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದುವರು. ಒಂದೊಂದಕ್ಕೂ ಯಾಕೆ ಅನ್ನುವರು. ನನಗೇ ಸರಿಯಾಗಿ ಗೊತ್ತಿಲ್ಲದ ಕಡೆ ನಾನು ದೊಡ್ಡ ಪದ ಉಪಯೋಗಿಸಿದರೆ, "ಕನ್ನಡದಲ್ಲಿ ಹೇಳವ್ವ," ಅನ್ನುವರು. ಹೇಳಲು ಹೋಗಿ ತಡವರಿಸಿದರೆ, "ಹಂಗಾದ್ರೆ ನಿಂಗೂ ಗೊತ್ತಿಲ್ಲ ಅನ್ನು. ನಾಳೆ ಟೀಚರಮ್ಮನ್ನ ಕೇಳ್ಕೊಂಡು ಬಾ," ಅನ್ನುವರು. ಒಂದು ದಿನ ನಾನು ಸ್ನಾನ ಮುಗಿಸಿ ಬಂದರೆ ಮನೆಯ ಕಂಪ್ಯೂಟರಿನ ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ನನಗೆ ಜೀವ ಬಾಯಿಗೆ ಬಂತು.

"ಏನ್ ಮಾಡಿದ್ರಿ ಅತ್ತೆ?"

"ಗಿರಣಿಯದ್ದು ಎದ್ದು ಕೆಲಸ ಹಿಡೀತದೋ ಇಲ್ವೋ ಅಂತ ನೋಡ್ದೆ. ಹಿಡೀತು. ಒಳ್ಳೇ ಕೆಲಸ ಮಾಡಿದ್ದೀಯ," ಅಂತ ವೈರು ಸಿಕ್ಕಿಸಿ ಹೋದರು. ಅವರಿಂದ ಹೊಗಳಿಕೆ ಬಂದದ್ದು ಮದುವೆಯಾದ ಮೇಲೆ ಅದೇ ಮೊದಲು. ಬೈಯಬೇಕು ಅಂತಿದ್ದವಳು ಸೀರೆ ನೆರಿಗೆ ಹಿಡಿದುಕೊಂಡು ಹಾಗೇ ನಿಂತೆ.

ಇನ್ನೊಂದು ಹಟ ಅವರದು. ಕೂಗಿದವರನ್ನು ನಾವು ತಿರುಗಿ ಒಂದು ಮಾತು ಕೇಳುವಂತಿರಬೇಕು ಅಂತ. "ಬಾಗಿಲು ತಟ್ಟಿದವರನ್ನ ಯಾರು ಅಂತ ಕೇಳಲ್ವಾ ನಾವು?" ನಾನು ಬೇಡ ಅಂದೆ. ನೋವಿನಲ್ಲಿ ಇರುವವರ ಹತ್ತಿರ ಪ್ರಶ್ನೆ ಕೇಳುತ್ತಾ ಕೂರುತ್ತಾರೆಯೇ? ಅತ್ತೆ ಬಿಡಲಿಲ್ಲ. ಅಡುಗೆಮನೆಯಲ್ಲಿ, ಹಿತ್ತಿಲಲ್ಲಿ, ತಲೆ ಬಾಚುವಾಗ, ಅದೇ ರಾಗ. ಅವರ ಬಾಯಿ ಮುಚ್ಚಿಸಲೆಂದೇ ಒಂದು ಸಂಜೆ ಕೂತು ಸೇರಿಸಿದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಎರಡೂ ಕಾಲ ಅತ್ತೆಯದೇ.

ನನಗೆ ದಿನ ತುಂಬುವ ಹೊತ್ತಿಗೆ ಪಂಚಾಯ್ತಿಯವರು ಕೂಗನ್ನು ಊರಿನ ಎಲ್ಲ ಫೋನುಗಳಿಗೂ ಹಾಕಿಸಿದರು. ಕೆರೆಯಾಚೆಯ ಬಡಾವಣೆಗೂ ಹೋಯಿತು. ಊರೆಲ್ಲ ಗುಂಡಿ ನೋಡಿಕೊಂಡು ನನ್ನನ್ನು ಹರಸಿತು. ಒಂದು ಬೀದಿಗೆ ನಡೆದದ್ದು ಊರಿಗೂ ನಡೆಯುತ್ತದೆಯೇ ಅಂತ ಟೀಚರು ಕೇಳುತ್ತಿದ್ದ ಪ್ರಶ್ನೆಗೆ, ನಡೆಯುತ್ತದೆ ಅಂತ ನಾನು ಎರಡು ಸಲ ಹೇಳಿದ್ದೆ.

ಅದಾದ ವಾರದಲ್ಲೇ, ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯುವಾಗ ನೋವು ಶುರುವಾಯಿತು. ಷಡಕ್ಷರಿ ಗಿರಣಿಯಲ್ಲಿದ್ದರು. ಬೆಳಗಿನಿಂದ ನಮ್ಮ ಮನೆಯಲ್ಲಿ ಯಾವುದೂ ಮುನಿಸಿಕೊಂಡಿರಲಿಲ್ಲ, ಊರಿನಲ್ಲಿ ಇವತ್ತು ಯಾವುದರ ಸರದಿ ಅಂತ ಸುದ್ದಿಯೂ ಇರಲಿಲ್ಲ. ಫೋನು ತೆಗೆದು ಕೆಂಪು ಗುಂಡಿ ಒತ್ತಿದೆ. ಏನೋ ಉತ್ತರ ಬಂತು. ಏನು ಅಂತ ತಿಳಿಯಲಿಲ್ಲ. ಗೋಡೆ ಹಿಡಿದುಕೊಂಡು ಒಳಕೋಣೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ನಾನೇ ಬರೆದದ್ದು, ನಾನೇ ಜೋಡಿಸಿದ್ದು, ಆ ಪರದೆಯ ಮೇಲಿನ ಒಂದು ಸಾಲೂ ನನ್ನ ತಲೆಗೆ ಇಳಿಯಲಿಲ್ಲ. ಕೈ ಕೀಲಿಗಳ ಮೇಲೆ ಇಟ್ಟರೆ ಬೆರಳುಗಳು ಎಲ್ಲಿಗೆ ಹೋಗಬೇಕೋ ತಿಳಿಯದೆ ನಿಂತವು. ನಮ್ಮೂರಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ದಿನದ ಸರದಿ ನನ್ನದು.

"ಅತ್ತೆ, ನಾನು ಕಣ್ರೀ ಇವತ್ತು. ನಂದೇ ಸರದಿ," ಅಂತ ಕೂಗಿಕೊಂಡೆ. ಅಳು ಬಂದುಬಿಟ್ಟಿತು.

ಅತ್ತೆ ಬಂದು ನನ್ನನ್ನು ಎಬ್ಬಿಸಿ ಚಾಪೆಯ ಮೇಲೆ ಮಲಗಿಸಿದರು. ಜಗಲಿಗೆ ಹೋಗಿ ಪಕ್ಕದ ಮನೆಯವರಿಗೆ, "ನಮ್ಮ ನೀಲಂಗೆ ನೋವು ಬಂತು ಕಣ್ರವ್ವ, ನೋವು ಬಂತು," ಅಂತ ಹೇಳಿ, ಒಳಗೆ ಬಂದು ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತರು. "ನಮ್ಮ ಕೂಗು ಬಂದದೆ. ದೇವೀರಮ್ಮಂಗೆ ಹೋಗ್ತಾ ಅದೆ," ಅಂತ ಗಟ್ಟಿಯಾಗಿ ಓದಿದರು. ನನಗೆ ಸಮಾಧಾನವಾಯಿತು.

ಆ ಸಮಾಧಾನ ಬಹಳ ಹೊತ್ತು ಉಳಿಯಲಿಲ್ಲ. ಕಂಪ್ಯೂಟರು ಟಿಣ್ ಅಂದಿತು. ಮತ್ತೆ ಟಿಣ್. ಆಮೇಲೆ ಅದು ನಿಲ್ಲಿಸಲೇ ಇಲ್ಲ. ಅತ್ತೆ ಓದುತ್ತಾ ಹೋದರು. ಬಳೆ ಅಂಗಡಿಯವರ ಮನೆಯಿಂದ ಕೂಗು, ಎಣ್ಣೆ ಗಾಣದವರ ಮನೆಯಿಂದ ಕೂಗು, ಸಂತೆಬೀದಿಯ ಉದ್ದಕ್ಕೂ ಮನೆಮನೆಯಿಂದ ಕೂಗು. ಊರಿನಲ್ಲಿ ಅಷ್ಟು ಬಸುರಿಯರೇ ಇರಲಿಲ್ಲ. ಆಗ ನನಗೆ ಹೊಳೆಯಿತು. ನೆರೆಮನೆಯವರು ತಮ್ಮ ಪಾಲಿಗೆ ಒಬ್ಬೊಬ್ಬರನ್ನು ಓಡಿಸುವ ಪದ್ಧತಿ ಇತ್ತಲ್ಲ, ಅದೇ ಪದ್ಧತಿಯಂತೆ ಈಗ ಪ್ರತಿ ಮನೆಯವರೂ ನನ್ನ ಸಲುವಾಗಿ ತಮ್ಮ ಫೋನಿನಲ್ಲಿ ಗುಂಡಿ ಒತ್ತುತ್ತಿದ್ದರು. ಒಂದು ಮನೆಗೆ ಒಂದೇ ಕೂಗು ಅಂತ ನಾನು ಕಲಿಸಿದ ಕಂಪ್ಯೂಟರು, ಇಷ್ಟೂ ಮನೆಗಳಲ್ಲಿ ಇಷ್ಟೂ ಹೆರಿಗೆ ಅಂತ ನಂಬಿ ಸೂಲಗಿತ್ತಿಯರನ್ನು ಬೀದಿಬೀದಿಗೆ ಅಟ್ಟುತ್ತಿತ್ತು. ದೇವೀರಮ್ಮ ನಮ್ಮ ಮನೆಯ ಕೂಗಿಗೆ 'ಹೊರಟೆ' ಅಂತ ಒತ್ತುವ ಮೊದಲೇ ಅವರಿಗೆ ಬೇರೆ ನಾಲ್ಕು ಕೂಗು ಮುಟ್ಟಿದ್ದವು. ಅವರು ಹೋದ ಮನೆಗಳಿಗೆಲ್ಲ ಬೀಗ. ಯಾಕೆಂದರೆ ಒತ್ತಿದವರೆಲ್ಲ ಬಾಗಿಲು ಹಾಕಿಕೊಂಡು ನನ್ನನ್ನು ನೋಡಲು ನಮ್ಮ ಅಂಗಳಕ್ಕೆ ಬಂದು ನಿಂತಿದ್ದರು.

ಪ್ರೀತಿಯಿಂದ ಊರು ನನ್ನನ್ನು ಮುಳುಗಿಸುತ್ತಿತ್ತು. ನೋವು ಬೆನ್ನಿನಿಂದ ಎದ್ದು ಸೊಂಟ ಹಿಡಿಯಿತು. ಅಕ್ಕನ ಮುಖ ಕಣ್ಣ ಮುಂದೆ ಬಂತು. "ಅತ್ತೆ, ಎಲ್ಲ ಅಳಿಸಿ. ನಮ್ಮದೊಂದು ಬಿಟ್ಟು ಎಲ್ಲ ಅಳಿಸಿಬಿಡಿ. ಎಲ್ಲಾ ಸುಳ್ಳು ಕೂಗು," ಅಂತ ಕಿರುಚಿದೆ.

ಅತ್ತೆಯ ಬೆರಳು ಅಳಿಸುವ ಕೀಲಿಯ ಮೇಲೇ ಇತ್ತು. ಒತ್ತಲಿಲ್ಲ. "ಅದರಲ್ಲಿ ಒಂದು ನಿಜವಾಗಿದ್ರೆ?" ಅಂದರು.

"ಇಲ್ಲಿರೋದು ನಿಮ್ಮ ಮೊಮ್ಮಗು ಕಣ್ರೀ."

"ಗೊತ್ತು," ಅಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಹಲ್ಲು ಕಚ್ಚಿ ಹಿಡ್ಕೊ. ನಾನು ಬಾಗಿಲು ತಟ್ಟಿದವರನ್ನ ಯಾರು ಅಂತ ಕೇಳ್ತೀನಿ."

ಒಂದೊಂದೇ ಅಕ್ಷರ ಹುಡುಕಿ ಒತ್ತುವ ಶಬ್ದ ಕೇಳುತ್ತಾ ನಾನು ಅವರನ್ನು ಮನಸ್ಸಿನಲ್ಲೇ ಎಷ್ಟು ಬೈದೆನೋ ಶಿವನಿಗೇ ಗೊತ್ತು. ಅವರು ಕಳಿಸಿದ್ದು ಒಂದೇ ಸಾಲು: ನೋವು ನಿಮ್ಮ ಮನೆಯಲ್ಲೋ, ನೀಲಾ ಮನೆಯಲ್ಲೋ? ಮರುಕ್ಷಣ ನಮ್ಮ ಅಂಗಳದಲ್ಲಿ ಎಲ್ಲರ ಸೊಂಟದಲ್ಲಿ, ಜೇಬಿನಲ್ಲಿ, ಮಡಿಲಲ್ಲಿ ಫೋನುಗಳು ಒಟ್ಟಿಗೇ ಹೊಡೆದುಕೊಂಡವು. ಆಮೇಲೆ, "ಅಯ್ಯೋ, ನಮ್ಮನೇಲಲ್ಲ ಕಣ್ರಪ್ಪ, ನೀಲಾ ಮನೇಲಿ," ಅನ್ನುತ್ತಾ ಎಲ್ಲರೂ ತಲೆ ಬಗ್ಗಿಸಿ ಒತ್ತತೊಡಗಿದರು. ಎರಡೆರಡು ಸಲ ಒತ್ತಿದರು. ನೂರು ಸಲ ಒತ್ತಿದರೂ ಒಂದೇ ಅಂತ ಕಲಿಸಿದ್ದೆನಲ್ಲ, ಅದು ಈಗ ಕಾಪಾಡಿತು.

ಅತ್ತೆ ಓದುತ್ತಿದ್ದರು. "ಹೋಯ್ತು. ಇದೂ ಹೋಯ್ತು. ಸಂತೆಬೀದಿ ಪೂರ್ತಿ ಹೋಯ್ತು." ಕೊನೆಗೆ ನಿಲ್ಲಿಸಿದರು. "ಎರಡು ಉಳ್ಕೊಂಡವೆ ಕಣೇ. ಒಂದು ನಮ್ಮದು. ಒಂದು ಕೆರೆಯಾಚೆ ನಿಂಗಾಜಮ್ಮನ ಮನೆ. 'ನಮ್ಮ ಮನೆಯಲ್ಲೇ, ಬೇಗ ಬನ್ನಿ' ಅಂತ ಬರೆದವ್ರೆ. ನಮ್ಮದರ ಹಿಂದೆಯೇ ಕೂಗವ್ರೆ, ಈ ಗದ್ದಲದಲ್ಲಿ ಹೂತು ಹೋಗಿತ್ತು."

ಜೈತುನ್‌ಬಿ ಆಗ ಕೆರೆ ಏರಿಯ ಹತ್ತಿರ ಒಂದು ಬೀಗ ಹಾಕಿದ ಮನೆಯ ಬಾಗಿಲು ತಟ್ಟುತ್ತಿದ್ದರಂತೆ. ಅವರ ಫೋನು ಬಾರಿಸಿತು, 'ಹೊರಟೆ' ಅಂತ ಬಂತು. ದೇವೀರಮ್ಮನದೂ ಬಂತು. ಅತ್ತೆ ಎರಡನ್ನೂ ಓದಿ ಹೇಳಿ, ಕಂಪ್ಯೂಟರಿಗೆ ಬೆನ್ನು ಹಾಕಿ ನನ್ನ ಪಕ್ಕ ಬಂದು ಕೂತು, ನನ್ನ ಕೈಯನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಆಗ ಅತ್ತರು. ನನಗೂ ಅಳು ತಡೆಯಲಾಗಲಿಲ್ಲ.

ದೇವೀರಮ್ಮ ಅಂಗಳದ ಜನರನ್ನು ಮೊಣಕೈಯಲ್ಲಿ ತಳ್ಳಿಕೊಂಡು ಬಂದರು. "ಬೀಗ ಹಾಕಿರೋ ಬಾಗಿಲು ತಟ್ಟಿ ತಟ್ಟಿ ಕೈ ಬಿದ್ದೋಗೈತೆ. ಎಲ್ಲಿ ಆ ಸಾಫ್ಟ್‌ವೇರ್‌ನೋಳು? ಮೊದ್ಲು ಅವಳಿಗೆ ನಾಲ್ಕು ಬಿಟ್ಟು ಆಮೇಲೆ ಹೆರಿಗೆ ಮಾಡಿಸ್ತೀನಿ."

"ಅವಳೇ ಹೆರ್ತಿರೋದು," ಅಂದರು ಅತ್ತೆ.

"ಹಂಗಾದ್ರೆ ದೇವರೇ ಕೊಡ್ತಾವ್ನೆ ಬಿಡಿ," ಅಂತ ಸೆರಗು ಸಿಕ್ಕಿಸಿ ಕೂತರು. ಆ ನೋವಿನಲ್ಲೂ ನನಗೆ ನಗು ಬಂತು. ನಗುತ್ತಾ, ಅಳುತ್ತಾ, ಅತ್ತೆಯ ಕೈ ಹಿಂಡುತ್ತಾ, ಸಂಜೆಯ ಹೊತ್ತಿಗೆ ಹೆಣ್ಣು ಕೂಸು ಹೆತ್ತೆ. ನಮ್ಮ ಅಂಗಳದಲ್ಲಿ ಸಿಹಿ ಹಂಚಿದ್ದೇ ಹಂಚಿದ್ದು. ಬಂದವರೆಲ್ಲ ಎರಡೆರಡು ಸಲ ತೆಗೆದುಕೊಂಡರು.

ಮಾರನೆಯ ದಿನ ಬೆಳಕು ಹರಿದಾಗ ನನ್ನ ಕಸುಬು ನನಗೆ ತಿರುಗಿ ಬಂತು. ಟೀಚರು ಬಂದು ಕೂಸನ್ನು ಎತ್ತಿಕೊಂಡು, "ಪಕ್ಕದ ಮನೆಯವರ ಪ್ರೀತಿ ನಿನ್ನ ಹಲಗೆ ಮೇಲೆ ಇರಲಿಲ್ಲ ನೋಡು. ನನ್ನ ಹಲಗೆ ಮೇಲೂ ಇರಲಿಲ್ಲ," ಅಂದರು. ಯಾರ ಮನೆಗೆ ಕೂಗುತ್ತಿದ್ದೀರಿ ಅಂತ ಮೊದಲೇ ಕೇಳುವಂತೆ ನಾನೂ ಅತ್ತೆಯೂ ಸೇರಿ ಬದಲಾಯಿಸಿದೆವು. ಅತ್ತೆ ಹೇಳಿದರು, ಹಾಸಿಗೆಯಲ್ಲಿ ಕೂತು ನಾನು ಬರೆದೆ.

ನಾಮಕರಣಕ್ಕೆ ಮುಂಚೆ ಒಂದು ಬೆಳಿಗ್ಗೆ, ಕೆರೆಯಾಚೆಯಿಂದ ನಿಂಗಾಜಮ್ಮ ಬಂದರು. ಹಿಂದೆ ಅವರ ಮಗಳು ಶೋಭಾ, ಅವಳ ತೋಳಿನಲ್ಲಿ ಬಟ್ಟೆ ಸುತ್ತಿದ ಗಂಡು ಕೂಸು. ಬಾಣಂತಿ ಇಷ್ಟು ಬೇಗ ಹೊರಗೆ ಬರುವುದುಂಟೇ ಅಂತ ಅತ್ತೆ ಗದರಿದರು. "ಅವಳೇ ಕೇಳಲಿಲ್ಲ ಕಣಕ್ಕ," ಅಂದರು ನಿಂಗಾಜಮ್ಮ. ಶೋಭಾ ತನ್ನ ಕೂಸನ್ನು ನನ್ನ ಕೂಸಿನ ಪಕ್ಕ ಮಲಗಿಸಿದಳು. ಕರುಳುಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡಿತ್ತಂತೆ. ಬರುವಾಗ ಕೂಸು ನೀಲಿಯಾಗಿತ್ತಂತೆ. ಜೈತುನ್‌ಬಿ ಹೊಸಿಲು ದಾಟಿದ್ದೂ ಅದು ಬಂದದ್ದೂ ಒಟ್ಟಿಗೇ ಅಂತೆ.

"ಇನ್ನೊಂದು ಗಳಿಗೆ ಆಗಿದ್ರೆ ನನ್ನ ಮಗು ಇರ್ತಿರಲಿಲ್ಲ ಅಕ್ಕ," ಅಂದಳು ಶೋಭಾ.

ನಿಂಗಾಜಮ್ಮ ನನ್ನ ತಲೆಯ ಮೇಲೆ ಕೈ ಇಟ್ಟರು. "ನೀನು ಕಟ್ಟಿದ್ದು ನಮ್ಮ ಮನೆ ಬೆಳಗಿಸ್ತು ಕಣವ್ವ. ನಿನ್ನ ಹೊಟ್ಟೆ ತಣ್ಣಗಿರಲಿ."

ನನಗೆ ಆ ಕೈಯ ಕೆಳಗೆ ಕೂರಲು ಆಗಲಿಲ್ಲ. ಅತ್ತೆ ನನ್ನ ಕಡೆ ನೋಡಲಿಲ್ಲ, ಕೂಸುಗಳ ಕಾಲು ಮುಚ್ಚುತ್ತಿದ್ದರು. ಆವತ್ತು ನಾನು ಕಿರುಚಿದ ಮಾತನ್ನು ಅವರು ಷಡಕ್ಷರಿಗೂ ಹೇಳಿರಲಿಲ್ಲ, ಹೇಳುವುದೂ ಇಲ್ಲ ಅಂತ ನನಗೆ ಗೊತ್ತಿತ್ತು. "ನಿಮ್ಮ ಕೂಗನ್ನ ಅಳಿಸಿಬಿಡಿ ಅಂದವಳು ನಾನು ನಿಂಗಾಜಮ್ಮ," ಅಂದೆ. "ಎಲ್ಲಾ ಸುಳ್ಳು, ಅಳಿಸಿ ಅಂತ ಕಿರುಚಿದೆ. ಅಳಿಸದೆ ಇದ್ದವರು ಇವರು."

ಶೋಭಾಳ ಕೈ ತಾನಾಗಿ ಅವಳ ಕೂಸಿನ ಮೇಲೆ ಹೋಯಿತು.

"ನೋವಲ್ಲಿ ಇರೋಳು ಏನಂದ್ರೂ ಅದು ಮಾತಲ್ಲ," ಅಂದರು ಅತ್ತೆ. "ನನಗೆ ನೋವು ಬಂದ ದಿನ ನಾನೂ ಅದನ್ನೇ ಅಂತೀನಿ. ಆವತ್ತು ಅವಳು ಅಳಿಸಬಾರದು. ಜೋಡಿ ಇರೋದು ಮತ್ಯಾತಕ್ಕೆ?"

ನಿಂಗಾಜಮ್ಮ ನನ್ನ ತಲೆಯ ಮೇಲಿದ್ದ ಕೈ ತೆಗೆಯಲಿಲ್ಲ. ಇನ್ನೊಂದು ಕೈ ಚಾಚಿ ಅತ್ತೆಯ ತಲೆಯ ಮೇಲೂ ಇಟ್ಟರು. ಅತ್ತೆ ಮೂಗು ಒರೆಸಿಕೊಂಡು, ಕಾಫಿಗೆ ಹಾಲು ಇಡ್ತೀನಿ ಅಂದರು.

ಅಷ್ಟರಲ್ಲಿ ಒಳಕೋಣೆಯಲ್ಲಿ ಕಂಪ್ಯೂಟರು ಟಿಣ್ ಅಂದಿತು. ಯಾರದೋ ಮನೆಯಲ್ಲಿ ನೋವು ಶುರುವಾಗಿತ್ತು. ನಾನು ಏಳಲು ಹೋದೆ.

"ಕೂತ್ಕೊ," ಅಂದರು ಅತ್ತೆ, ಕನ್ನಡಕ ಹುಡುಕುತ್ತಾ.

ಕೂತುಕೊಂಡೆ.